ಎರೆನೆಲದ ಮೇಲೆ ಒಂಟಿಗಾಲು

ಚಾಮರಾಜನಗರದಿಂದ ಹೊರಟು ಮೈಸೂರು, ನಾಗಮಂಗಲ, ಹಿರಿಯೂರು, ಬಳ್ಳಾರಿಗಳನ್ನು ಹಾದು ಜೇವರ್ಗಿಯನ್ನು ಮುಟ್ಟುವ 150ಎ ರಾಷ್ಟ್ರೀಯ ಹೆದ್ದಾರಿಯು ಕನ್ನಡನಾಡಿನ ದಕ್ಷಿಣದ ಅಂಚನ್ನೂ ಉತ್ತರದ ಬಯಲನ್ನೂ ಒಂದೇ ಎಳೆಯಲ್ಲಿ ಪೋಣಿಸಿರುವುದರಿಂದ, ಹಿಂಬದಿಗೆ ಪೆಟ್ಟಿಗೆಗಳನ್ನು ಬಿಗಿದು ದೂರಪ್ರಯಾಣಕ್ಕೆಂದೇ ಸಜ್ಜುಗೊಳಿಸಿದ ಭಾರಿ ಮೋಟಾರುಸೈಕಲ್ಲುಗಳನ್ನೇರಿ ದೇಶ ನೋಡಲು ಹೊರಟವರು ಆಗಾಗ ಇಲ್ಲಿ ಕಾಣಸಿಗುವರು. ಸಿರುಗುಪ್ಪವನ್ನು ಬಿಟ್ಟು ದಢೇಸೂಗೂರಿನ ಬಳಿ ತುಂಗಭದ್ರೆಯ ಸೇತುವೆಯನ್ನು ದಾಟಿದರೆಂದರೆ ಅವರು ಕಾಲಿಟ್ಟದ್ದು ಸಿಂಧನೂರು ಸೀಮೆಗೆ, ಅಂದರೆ ಕೃಷ್ಣೆಗೂ ತುಂಗಭದ್ರೆಗೂ ನಡುವಣ ಆ ಪ್ರಸಿದ್ಧವಾದ ರಾಯಚೂರು ದೋಆಬಿಗೆ. ಯಾವ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ, ಬಿಜಾಪುರಗಳ ಸುಲ್ತಾನರೂ ತಲೆಮಾರುಗಳ ಕಾಲ ಕಾದಾಡಿದರೋ, ಯಾವುದರ ನಿಮಿತ್ತ 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಬಳಿ ಮಹಾಯುದ್ಧವನ್ನು ಗೆದ್ದನೋ, ಆ ನೆಲ ಇಂದು ಪ್ರವಾಸಿಯ ಮುಂದೆ ಇಡುವ ಪ್ರಶ್ನೆ ಬಹಳ ಸಣ್ಣದು: ಗಾಡಿಯನ್ನು ಎಲ್ಲಿ ನಿಲ್ಲಿಸುವುದು, ಹೇಗೆ ನಿಲ್ಲಿಸುವುದು?

ಸಣ್ಣ ಪ್ರಶ್ನೆಯೆಂದು ಇದನ್ನು ತಳ್ಳಿಹಾಕುವವರು ಮಳೆಗಾಲದಲ್ಲಿ ಒಮ್ಮೆ ಹೆದ್ದಾರಿಯನ್ನು ಬಿಟ್ಟು, ನದೀದಂಡೆಯ ಮುಕ್ಕುಂದದಂತಹ ಗ್ರಾಮದ ಒಳದಾರಿಗಳಲ್ಲಿ ಸಂಚರಿಸಿ ನೋಡಬೇಕು. ಒಂದು ಮಗ್ಗುಲಲ್ಲಿ ತುಂಗಭದ್ರೆ, ಇನ್ನೊಂದು ಮಗ್ಗುಲಲ್ಲಿ ಕಣ್ಣು ಹಾಯುವವರೆಗೂ ನೀರು ನಿಂತ ಗದ್ದೆ. ನಡುವೆ ಗರಸು ಹಾಕಿದ ಕಿರಿದಾದ ದಾರಿ. ಆ ದಾರಿಯ ಅಂಚಿಗೆ ಒಂದು ಮೊಳ ಸರಿದರೆ ಎರೆ. ನದಿಯ ನೋಟವನ್ನು ಕಂಡು ಮನಸೋತ ಸವಾರನು ಎದುರಿನಿಂದ ಬರುವ ಟ್ರ್ಯಾಕ್ಟರಿಗೆ ದಾರಿ ಬಿಡಲೆಂದು ಗಾಡಿಯನ್ನು ಅಂಚಿಗೆ ಸರಿಸಿ, ಸ್ಟ್ಯಾಂಡನ್ನು ಇಳಿಸಿ, ನಾಲ್ಕು ಹೆಜ್ಜೆ ನಡೆದು ಹಿಂದಿರುಗಿ ನೋಡುವ ವೇಳೆಗೆ, ಇನ್ನೂರು ಕಿಲೋಗ್ರಾಮಿನ ಆ ಯಂತ್ರವು ತನ್ನ ಎಡಗಾಲನ್ನು ಮಣ್ಣಿನಲ್ಲಿ ಹೂತುಕೊಂಡು ನಿಧಾನವಾಗಿ ಒರಗುತ್ತಿರುವುದು. ಬಿದ್ದ ಗಾಡಿಯ ಕ್ಲಚ್ಚಿನ ಹಿಡಿ ಮುರಿಯಬಹುದು, ಕನ್ನಡಿ ಒಡೆಯಬಹುದು, ಪೆಟ್ರೋಲು ಸೋರಬಹುದು. ಇವೆಲ್ಲಕ್ಕಿಂತಲೂ ಮಿಗಿಲಾದ ಕಷ್ಟವೆಂದರೆ, ಜಾರುವ ಕೆಸರಿನಲ್ಲಿ ಕಾಲೂರಲು ನೆಲೆಯಿಲ್ಲದೆ ಅಷ್ಟು ಭಾರವನ್ನು ಒಬ್ಬನೇ ಮೇಲೆತ್ತುವುದು.

ಈ ಸೀಮೆಯ ಮಣ್ಣಿನ ಸ್ವಭಾವವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಎರೆಯೆಂದು ಇಲ್ಲಿನ ಒಕ್ಕಲಿಗರು ಕರೆಯುವ ಈ ಕಪ್ಪು ಜೇಡಿಯಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜವು ಹೇರಳವಾಗಿದ್ದು, ಅದರ ಕಣಗಳು ಹಾಳೆಯ ಮೇಲೆ ಹಾಳೆಯನ್ನಿರಿಸಿದಂತಹ ಸೂಕ್ಷ್ಮರಚನೆಯುಳ್ಳವುಗಳಾದ ಕಾರಣ, ನೀರು ಆ ಪದರಗಳ ನಡುವೆ ನುಸುಳಿ ಅವನ್ನು ದೂರ ದೂರ ತಳ್ಳುವುದರಿಂದ ಮಣ್ಣು ಉಬ್ಬುವುದು. ನೀರು ಆರಿದೊಡನೆ ಪದರಗಳು ಮರಳಿ ಕೂಡಿಕೊಳ್ಳುವುದರಿಂದ ಮಣ್ಣು ಕುಗ್ಗಿ ಬಿರಿಯುವುದು. ಚೈತ್ರ ವೈಶಾಖಗಳಲ್ಲಿ ಬಿತ್ತದೆ ಬಿಟ್ಟ ಹೊಲವನ್ನು ನೋಡಿದರೆ ಅಂಗೈ ತೂರುವಷ್ಟು ಅಗಲದ, ಕೋಲಿಟ್ಟರೆ ತಳ ಸಿಗದಷ್ಟು ಆಳದ ಬಿರುಕುಗಳು ನೆಲವನ್ನೆಲ್ಲ ಬಹುಭುಜಗಳಾಗಿ ಹಂಚಿಕೊಂಡಿರುವುದನ್ನು ಕಾಣಬಹುದು. ಅದೇ ಹೊಲವು ಶ್ರಾವಣದ ಒಂದು ಮಳೆಗೆ ಬಿರುಕುಗಳನ್ನೆಲ್ಲ ಮುಚ್ಚಿಕೊಂಡು, ಹೆಜ್ಜೆಯಿಟ್ಟರೆ ಕಾಲಿನ ಚಪ್ಪಲಿಯನ್ನು ಕಳಚಿಕೊಳ್ಳುವಷ್ಟು ಅಂಟಾಗುವುದು. ಬೇಸಿಗೆಯಲ್ಲಿ ಸ್ಟ್ಯಾಂಡಿನ ಸಣ್ಣ ಪಾದವು ಬಿರುಕಿನೊಳಕ್ಕೆ ಇಳಿಯುವ ಭಯ. ಮಳೆಗಾಲದಲ್ಲಿ ಕೆಸರಿನೊಳಕ್ಕೆ ಇಳಿಯುವ ಭಯ. ಇದರ ಮೇಲೆ 1953ರಲ್ಲಿ ಹೊಸಪೇಟೆಯ ಬಳಿ ಪೂರ್ಣಗೊಂಡ ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆಯು ಗಂಗಾವತಿ, ಕಾರಟಗಿಗಳನ್ನು ದಾಟಿ ಸಿಂಧನೂರಿಗೂ ಮಾನ್ವಿಗೂ ಹರಿದು ಬಂದ ಮೇಲೆ, ಜೋಳ ಹತ್ತಿಗಳ ಒಣಬೇಸಾಯದ ಈ ಬಯಲು ಸೋನಾ ಮಸೂರಿಯ ಕಣಜವಾಗಿ ಮಾರ್ಪಟ್ಟಿತು. ಮಳೆ ನಿಂತ ಮೇಲೂ ನೆಲ ಒದ್ದೆಯಾಗಿಯೇ ಉಳಿಯುವ ಕಾಲ ಬಂದಿತು. ಕಾಲುವೆಗೆ ನೀರು ಬಿಟ್ಟ ತಿಂಗಳುಗಳಲ್ಲಿ, ಮೇಲೆ ಬಿಸಿಲಿಗೆ ಒಣಗಿ ಗಟ್ಟಿಯಾದ ತೆಳುವಾದ ಹೊಪ್ಪಳಿಕೆ, ಕೆಳಗೆ ಬಸಿನೀರಿನಿಂದ ಮಿದುವಾದ ಜೇಡಿ, ಹೀಗೆ ಹೊರಗೊಂದು ಒಳಗೊಂದಾಗಿರುವ ನೆಲವನ್ನು ಹೊಸಬನು ನಂಬಿ ಕೆಡುವುದು ಸಹಜ.

ಇನ್ನು ಗಾಡಿಯ ವಿಷಯ. ನಮ್ಮ ತಂದೆತಾತಂದಿರ ಕಾಲದ ಮೋಟಾರುಸೈಕಲ್ಲುಗಳನ್ನು, ಅಂದರೆ 1955ರಿಂದ ಮದರಾಸಿನಲ್ಲಿ ಜೋಡಣೆಯಾಗತೊಡಗಿದ ಬುಲೆಟ್ಟನ್ನೂ 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳನ್ನೂ, ನಿಲ್ಲಿಸುವ ಕ್ರಮವೆಂದರೆ ಡಬಲ್ ಸ್ಟ್ಯಾಂಡು ಹಾಕುವುದೇ ಆಗಿತ್ತು; ಒಂದು ಕಾಲಿನಿಂದ ಸ್ಟ್ಯಾಂಡನ್ನು ಅದುಮಿ, ಎರಡು ಕೈಗಳಿಂದ ಗಾಡಿಯನ್ನು ಹಿಂದಕ್ಕೆಳೆದು ನೆಟ್ಟಗೆ ನಿಲ್ಲಿಸುವ ಆ ಕೌಶಲವನ್ನು ಮನೆಯ ಗಂಡುಮಕ್ಕಳು ಗಾಡಿ ಓಡಿಸುವುದಕ್ಕೆ ಮೊದಲೇ ಕಲಿಯುತ್ತಿದ್ದರು. ಇಂದಿನ ದೂರಪ್ರಯಾಣದ ಗಾಡಿಗಳಲ್ಲಿ ಕೆಲವಕ್ಕೆ, ಉದಾಹರಣೆಗೆ 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ನಿಗೆ, ಡಬಲ್ ಸ್ಟ್ಯಾಂಡು ಇತ್ತು. ಕೆಟಿಎಂ 390 ಅಡ್ವೆಂಚರಿನಂತಹವು ಸೈಡ್ ಸ್ಟ್ಯಾಂಡೊಂದನ್ನೇ ನಂಬಿ ಬಂದವು. ಡಬಲ್ ಸ್ಟ್ಯಾಂಡು ಇದ್ದರೂ, ಪೆಟ್ಟಿಗೆಗಳು ತುಂಬಿದ ಗಾಡಿಯನ್ನು ಕೆಸರಿನಲ್ಲಿ ನಿಂತು ಅದರ ಮೇಲೇರಿಸುವುದು ಬಲ್ಲಿದರಿಗೂ ಅಸಾಧ್ಯ. ಏರಿಸಿದರೂ ಅದರ ಎರಡು ಸಣ್ಣ ಪಾದಗಳೂ ಒಂದು ಗಾಲಿಯೊಡನೆ ಭಾರ ಹೊತ್ತು ಹೂತುಹೋಗುವುವು. ಆದುದರಿಂದ ಕಡೆಗೆ ಎಲ್ಲವೂ ಎಡಗಡೆಯ ಆ ಒಂಟಿ ಕಾಲಿನ ಮೇಲೆಯೇ ಬಂದು ನಿಲ್ಲುವುದು. ಆ ಕಾಲಿನ ತುದಿಗೆ ಕಾರ್ಖಾನೆಯವರು ಕೊಟ್ಟಿರುವ ಪಾದವಾದರೋ ಬಹುಮಟ್ಟಿಗೆ ಡಾಂಬರು ಕಾಂಕ್ರೀಟುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು.

ಲೆಕ್ಕವನ್ನೊಮ್ಮೆ ನೋಡೋಣ. ಗಾಡಿಯ ತೂಕ 200 ಕಿಲೋ, ಸಾಮಾನು 40 ಕಿಲೋ, ಒಟ್ಟು 240. ಓರೆಯಾಗಿ ನಿಂತ ಗಾಡಿಯ ಬಹುಭಾಗದ ಭಾರವನ್ನು ಎರಡು ಗಾಲಿಗಳೇ ಹೊರುವುವು. ಸ್ಟ್ಯಾಂಡಿಗೆ ಬರುವ ಪಾಲು ಓರೆಯ ಪ್ರಮಾಣವನ್ನೂ ಪಾದವು ಎಷ್ಟು ದೂರಕ್ಕೆ ಚಾಚಿದೆ ಎಂಬುದನ್ನೂ ಅನುಸರಿಸಿ ಹೆಚ್ಚು ಕಡಿಮೆಯಾಗುವುದು. ಐದರಲ್ಲಿ ಒಂದು ಪಾಲೆಂದು ಇಟ್ಟುಕೊಂಡರೆ 48 ಕಿಲೋ ಆಯಿತು. ಪಾದದ ಅಳತೆ 4 ಸೆಂಟಿಮೀಟರು ಉದ್ದ, 3 ಸೆಂಟಿಮೀಟರು ಅಗಲವೆಂದರೆ ಅದರ ವಿಸ್ತೀರ್ಣ 12 ಚದರ ಸೆಂಟಿಮೀಟರು. ಅಂದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ 4 ಕಿಲೋ ಒತ್ತಡ. ಹೆಬ್ಬೆರಳಿನಿಂದ ಹದವಾಗಿ ಒತ್ತಿದರೆ ಗುರುತು ಮೂಡುವಷ್ಟು ಮಿದುವಾದ ಜೇಡಿನೆಲಕ್ಕೆ ಸುಮಾರು 1 ಕಿಲೋಗಿಂತ ಮಿಗಿಲಾದ ಒತ್ತಡವನ್ನು ಹೊರಿಸಲಾಗದೆಂದು ತಳಪಾಯ ಹಾಕುವವರ ರೂಢಿಯ ಲೆಕ್ಕ. ಬೆರಳು ಸಲೀಸಾಗಿ ಒಳಹೊಗುವ ಕೆಸರಿಗೆ ಅದರ ಅರ್ಧ. ನಾಲ್ಕು ಪಟ್ಟು ಹೆಚ್ಚು ಹೊರೆಯನ್ನು ಹೊರಿಸಿ, ಮಣ್ಣು ಒಡಂಬಡಲಿಲ್ಲವೆಂದು ಅದನ್ನು ದೂರಿದರೆ ನ್ಯಾಯವಲ್ಲ. ಅದೇ ಪಾದಕ್ಕೆ 9 ಸೆಂಟಿಮೀಟರು ಉದ್ದ, 8 ಸೆಂಟಿಮೀಟರು ಅಗಲದ ಪ್ಲೇಟನ್ನು ಕೂಡಿಸಿದರೆ ವಿಸ್ತೀರ್ಣ 72 ಆಗಿ, ಒತ್ತಡವು 0.67 ಕಿಲೋಗೆ ಇಳಿಯುವುದು. ಬಾಣಲೆಯಷ್ಟು ದೊಡ್ಡ ವಸ್ತುವೇನೂ ಬೇಕಾಗಿಲ್ಲ. ಅಂಗೈಯಗಲದ ಕಬ್ಬಿಣ ಸಾಕು.

ಆದರೆ ಈ ಲೆಕ್ಕದಲ್ಲಿ ಅಡಗಿರುವ ಇನ್ನೊಂದು ಸಂಗತಿಯೇ ನನಗೆ ಹೆಚ್ಚು ಮುಖ್ಯವಾಗಿ ತೋರುವುದು. ಪಾದವು ಹೂತಷ್ಟೂ ಗಾಡಿಯ ಓರೆ ಹೆಚ್ಚುವುದು. ಓರೆ ಹೆಚ್ಚಿದಷ್ಟೂ ಗಾಡಿಯ ಗುರುತ್ವಕೇಂದ್ರವು ಎಡಕ್ಕೆ ಸರಿದು ಸ್ಟ್ಯಾಂಡಿನ ಪಾಲಿನ ಹೊರೆ ಹೆಚ್ಚುವುದು. ಹೊರೆ ಹೆಚ್ಚಿದೊಡನೆ ಪಾದವು ಇನ್ನೂ ಆಳಕ್ಕೆ ಇಳಿಯುವುದು. ಪಾದವು ಗಾಲಿಗಳ ಸಾಲಿನಿಂದ 35 ಸೆಂಟಿಮೀಟರು ದೂರದಲ್ಲಿದ್ದರೆ, ಅದು 5 ಸೆಂಟಿಮೀಟರು ಹೂತಾಗ ಓರೆ ಸುಮಾರು 8 ಡಿಗ್ರಿ ಬೆಳೆಯುವುದು, ಹೊರೆಯು ಮೊದಲಿನ ಒಂದೂವರೆ ಪಟ್ಟನ್ನು ಮೀರುವುದು. ಇಟಲಿಯ ಪೀಸಾ ನಗರದ ಗೋಪುರವು ಓರೆಯಾಗಿ ನಿಂತದ್ದಕ್ಕೂ ಇದೇ ನಿಯಮ ಕಾರಣ: 1173ರಲ್ಲಿ ಆರಂಭವಾದ ಆ ಕಟ್ಟಡವು ಮಿದುವಾದ ಮಣ್ಣಿನ ಮೇಲೆ ದಕ್ಷಿಣಕ್ಕೆ ಕುಸಿಯತೊಡಗಿದ ಮೇಲೆ, ಓರೆಯೇ ಓರೆಯನ್ನು ಬೆಳೆಸುತ್ತ ಶತಮಾನಗಳು ಕಳೆದುವು, 1990ರಲ್ಲಿ ಗೋಪುರದ ಬಾಗಿಲನ್ನು ಮುಚ್ಚಿ, ಉತ್ತರದ ಮಗ್ಗುಲಿನ ಬುಡದಿಂದ ಮಣ್ಣನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ಅದನ್ನು ಅರ್ಧ ಡಿಗ್ರಿಯಷ್ಟು ಹಿಂದಕ್ಕೆ ಬಾಗಿಸಿ, 2001ರಲ್ಲಿ ಮತ್ತೆ ತೆರೆದರು. ಗೋಪುರಕ್ಕೆ ಎಂಟು ಶತಮಾನಗಳ ಅವಕಾಶ ದೊರೆಯಿತು; ಮುಕ್ಕುಂದದ ದಾರಿಯಂಚಿನ ಗಾಡಿಗೆ ದೊರೆಯುವುದು ಕೆಲವೇ ನಿಮಿಷ. ಈ ಕಾರಣದಿಂದಲೇ, ಗಾಡಿ ನಿಂತಿತು ಎಂದು ಕೈಬಿಟ್ಟ ಕ್ಷಣದಲ್ಲಿ ನಿಂತಂತೆ ಕಂಡದ್ದು ಆಮೇಲೆ ಬೀಳುವುದು. ಮೊದಲ ಅರ್ಧ ಅಂಗುಲದ ಕುಸಿತವನ್ನು ತಡೆದರೆ ಉಳಿದುದನ್ನೆಲ್ಲ ತಡೆದಂತೆ. ಅಗಲವಾದ ಪಾದದ ಉಪಯೋಗವೆಲ್ಲ ಈ ಮೊದಲ ಅರ್ಧ ಅಂಗುಲದಲ್ಲಿದೆ.

ಮಣ್ಣಿನ ಈ ಗುಣವನ್ನು ಶಾಸ್ತ್ರರೂಪದಲ್ಲಿ ಲೋಕಕ್ಕೆ ತಿಳಿಸಿದ ಕಾರ್ಲ್ ಟೆರ್ಜಾಗಿಯ ಗ್ರಂಥವು 1925ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನ ಸಂಸ್ಥೆಯವರು 1950ರ ದಶಕದಲ್ಲಿ ಕಪ್ಪುಮಣ್ಣಿನ ನೆಲಕ್ಕೆಂದೇ ಒಂದು ವಿಶೇಷ ತಳಪಾಯವನ್ನು ರೂಪಿಸಿದರು. ನೆಲದೊಳಗೆ ಇಳಿದ ಕಾಂಕ್ರೀಟು ಕಂಬದ ಬುಡವನ್ನು ಕಂಬದ ಎರಡೂವರೆ ಪಟ್ಟಿನಷ್ಟು ಅಗಲಕ್ಕೆ ಗಡ್ಡೆಯಂತೆ ಉಬ್ಬಿಸುವುದು ಅದರ ವಿಧಾನ. ಎರೆಯ ಮೇಲೆ ನಿಲ್ಲಬೇಕಾದುದು ಮನೆಯಾಗಲಿ ಯಂತ್ರವಾಗಲಿ, ಕಾಲ ತುದಿಯನ್ನು ಅಗಲಿಸಿಕೊಳ್ಳದೆ ಗತಿಯಿಲ್ಲ. ಗ್ರಂಥಗಳನ್ನು ಓದದೆಯೇ ಸಿಂಧನೂರಿನ ಬೇಸಾಯಗಾರರು ಈ ಸತ್ಯವನ್ನು ನಿತ್ಯದ ಆಚರಣೆಗೆ ತಂದುಕೊಂಡಿರುವರು. ನಾಟಿಗೆ ಮೊದಲು ಗದ್ದೆಯನ್ನು ಕೆಸರು ಮಾಡಲು ಇಳಿಯುವ ಟ್ರ್ಯಾಕ್ಟರಿನ ರಬ್ಬರು ಗಾಲಿಗಳಿಗೆ ಪಕ್ಕದಲ್ಲಿ ಕಬ್ಬಿಣದ ಪಂಜರದಂತಹ ಕೇಜ್‌ವೀಲನ್ನು ಜೋಡಿಸುವುದೂ, ಕಟಾವಿನ ವೇಳೆಗೆ ಗದ್ದೆ ಆರಿರದಿದ್ದರೆ ಗಾಲಿಯ ಯಂತ್ರವನ್ನು ಬಿಟ್ಟು ಚೈನಿನ ಯಂತ್ರವನ್ನು ಕರೆಸುವುದೂ ಇದೇ ಸತ್ಯದ ಮೇಲೆ ನಿಂತ ಏರ್ಪಾಡುಗಳು. ಟನ್ನುಗಟ್ಟಲೆ ತೂಗುವ ಕಟಾವು ಯಂತ್ರವು ಅಗಲವಾದ ಎರಡು ಪಟ್ಟಿಗಳ ಮೇಲೆ ತನ್ನ ಭಾರವನ್ನು ಹಾಸಿಕೊಂಡು ಹಗುರಾಗಿ ಸಾಗುವ ಗದ್ದೆಯಲ್ಲಿ, ಅದರ ಚಾಲಕನ ಮೋಟಾರುಸೈಕಲ್ಲು ಬದುವಿನ ಮೇಲೆ ನಿಲ್ಲಲಾರದು. ಆದುದರಿಂದಲೇ ಈ ಊರುಗಳ ಯುವಕರು ಗಾಡಿ ನಿಲ್ಲಿಸುವ ಮುನ್ನ ಕಣ್ಣಾಡಿಸಿ ಒಂದು ಹೆಂಚಿನ ಚೂರನ್ನೋ ಫರಸಿಕಲ್ಲಿನ ತುಂಡನ್ನೋ ಹುಡುಕಿ ಸ್ಟ್ಯಾಂಡಿನ ಅಡಿಗೆ ಕೊಡುವುದನ್ನು ಕಾಣುವೆವು.

"ಇದು ಎರಿ ರೀ ಸರ, ಒಂಟಿ ಕಾಲಾಗ ಗಾಡಿ ನಿಲ್ಲಂಗಿಲ್ಲ. ಬುಡಕ ಒಂದು ಕಲ್ಲರ ಕೊಡ್ರಿ," ಎಂದು ಮುಕ್ಕುಂದದ ಬಳಿ ಗದ್ದೆಗೆ ಗೊಬ್ಬರ ಹೊತ್ತು ಹೊರಟಿದ್ದ ಹಿರಿಯರೊಬ್ಬರು, ನಾವು ಕೇಳದಿದ್ದರೂ ನಿಂತು ಹೇಳಿದರು. ಹೇಳಿ ಸುಮ್ಮನಾಗದೆ, ತೂಬಿನ ಬಳಿ ಬಿದ್ದಿದ್ದ ಕಲ್ಲೊಂದನ್ನು ತಾವೇ ತಂದು, ಕಾಲಿನಿಂದ ಅದುಮಿ, ಅಲುಗದೆಂದು ಖಾತ್ರಿಯಾದ ಮೇಲೆ ಹೊರೆಯನ್ನು ಮತ್ತೆ ಹೆಗಲಿಗೇರಿಸಿದರು. ಅವರ ಮಾತು ಸರಿ. ಆದರೆ ಎರೆಯ ಬಯಲಿನಲ್ಲಿ ಕಲ್ಲು ಸಿಗುವುದೇ ಅಪರೂಪ; ಸಿಕ್ಕರೂ ಒಂದು ಕೈಯಿಂದ ಗಾಡಿಯನ್ನು ಹಿಡಿದು ಇನ್ನೊಂದು ಕೈಯಿಂದ ಕಲ್ಲನ್ನು ಸರಿಯಾದ ಜಾಗಕ್ಕೆ ಸರಿಸುವುದು ಜೊತೆಯಿಲ್ಲದ ಸವಾರನಿಗೆ ಆಗದ ಕೆಲಸ. ಆ ಕಲ್ಲನ್ನು ಗಾಡಿಯ ಕಾಲಿಗೇ ಕೂಡಿಸಿಕೊಂಡು ಹೊರಡುವುದೇ ಅಗಲ ಪಾದದ ಮರ್ಮ.

ಪೇಟೆಯಲ್ಲಿ ಅಲ್ಯುಮಿನಿಯಮಿನ ಸಿದ್ಧ ಪಾದಗಳು ದೊರೆಯುವುವು: ಕೆಳಗೊಂದು ಅಗಲ ಫಲಕ, ಮೇಲೆ ಕಚ್ಚಿಕೊಳ್ಳುವ ಎರಡು ತುಂಡುಗಳು, ಇವನ್ನು ಬಿಗಿಯಲು ಮೂರೋ ನಾಲ್ಕೋ ಸಣ್ಣ ಸ್ಕ್ರೂಗಳು. ಆಯಾ ಗಾಡಿಯ ಪಾದದ ಆಕಾರಕ್ಕೆ ಸರಿಯಾಗಿ ಕೊರೆದವಾದರೆ ಅವು ಒಳ್ಳೆಯವೇ. ತೂಕ ಕಡಿಮೆ, ತುಕ್ಕು ಹಿಡಿಯವು, ಬೇಡವಾದಾಗ ಬಿಚ್ಚಿಡಬಹುದು. ಸ್ಕ್ರೂಗಳ ಎಳೆಗೆ ಅಂಟುದ್ರಾವಣ ಹಚ್ಚದೆ ಬಿಗಿದರೆ ಮಾತ್ರ ಗರಸಿನ ದಾರಿಯ ಕುಲುಕಾಟಕ್ಕೆ ಒಂದೊಂದಾಗಿ ಸಡಿಲಿ, ಯಾವುದೋ ಊರಿನ ಮುಂದೆ ಕಳಚಿ ಬೀಳುವುವು. ನನ್ನ ಒಲವಾದರೋ ಸಿಂಧನೂರಿನ ವೆಲ್ಡಿಂಗ್ ಅಂಗಡಿಗಳ ಕಡೆಗೆ. ಟ್ರೇಲರು, ರೆಂಟೆ, ಕೇಜ್‌ವೀಲುಗಳನ್ನು ವರ್ಷವಿಡೀ ಬೆಸೆಯುವ ಈ ಮೇಸ್ತ್ರಿಗಳಿಗೆ ಕಬ್ಬಿಣವೂ ಗೊತ್ತು, ಎರೆಯೂ ಗೊತ್ತು. ಯಾವ ಕಬ್ಬಿಣ ಯಾವ ಮಣ್ಣಿನಲ್ಲಿ ಹೇಗೆ ನಡೆದುಕೊಳ್ಳುವುದೆಂಬ ಅನುಭವ ಅವರ ಕೈಯಲ್ಲಿದೆ.

ಅಂತಹ ಅಂಗಡಿಯೊಂದರಲ್ಲಿ ನಡೆದ ಕೆಲಸವನ್ನು ನಾನು ಹತ್ತಿರ ಕುಳಿತು ನೋಡಿದೆನು. ಗಾಡಿಯ ಎಂಜಿನ್ ಗಾರ್ಡಿನ ಕೆಳಗೆ ಮರದ ದಿಮ್ಮಿಗಳನ್ನಿಟ್ಟು ಭದ್ರಪಡಿಸಿದ ಮೇಲೆ ಸ್ಟ್ಯಾಂಡನ್ನೇ ಕಳಚಬೇಕೆಂದು ಮೇಸ್ತ್ರಿಗಳು ಹಟ ಹಿಡಿದರು. ಗಾಡಿಯ ಮೇಲಿದ್ದಂತೆಯೇ ಬೆಸೆದರೆ ಅದರ ವಿದ್ಯುನ್ಮಾನ ಪೆಟ್ಟಿಗೆಗೂ ಎಬಿಎಸ್ಸಿಗೂ ಅಪಾಯವೆಂಬುದನ್ನು ಅವರು ಬಲ್ಲರು. ಸ್ಟ್ಯಾಂಡಿನ ಸ್ಪ್ರಿಂಗು ಬಲವಾದುದು. ಇಕ್ಕುಳದಿಂದ ಎಳೆದರೆ ಜಾರಿ ಮುಖಕ್ಕೆ ಬಡಿಯಬಹುದು. ಅದಕ್ಕೆ ಅವರು ಬಳಸಿದ ಉಪಾಯ ಇದು. "ಸ್ಟ್ಯಾಂಡ್ ಅರ್ಧ ಇಳಿಸಿದಾಗ ಸ್ಪ್ರಿಂಗ್ ಭಾಳ ಜಗ್ಗತೈತಿ ನೋಡ್ರಿ. ಆವಾಗ ಸಂದಿನ್ಯಾಗ ವಾಷರ್ ತುರುಕಬೇಕು. ಆಮ್ಯಾಲ ಅದು ಗಿಡ್ಡ ಆಗಂಗಿಲ್ಲ, ಕೈಲೇ ಬರತೈತಿ," ಎನ್ನುತ್ತ ಸುರುಳಿಯ ಒಂದೊಂದು ಸಂದಿಗೂ ಒಂದೊಂದು ವಾಷರನ್ನು ಸೇರಿಸಿದರು. ಸ್ಟ್ಯಾಂಡನ್ನು ಮೊದಲಿನ ಸ್ಥಾನಕ್ಕೆ ತಂದೊಡನೆ ಸ್ಪ್ರಿಂಗು ಜೋತುಬಿದ್ದು, ಎರಡು ಬೆರಳಿನಲ್ಲಿ ಎತ್ತಿದಂತೆ ಕೊಂಡಿಯಿಂದ ಹೊರಬಂದಿತು. ಹಾಗೆಯೇ ವಾಷರುಗಳನ್ನು ತೆಗೆಯದೆ ಅದನ್ನು ಪಕ್ಕಕ್ಕಿಟ್ಟರು. ಮರಳಿ ಕೂಡಿಸುವಾಗ ಅದೇ ಉದ್ದ ಬೇಕಲ್ಲವೆ.

ಪ್ಲೇಟಿನ ವಿಷಯಕ್ಕೆ ಬಂದಾಗ ಮೊದಲು ರಟ್ಟಿನ ತುಂಡೊಂದನ್ನು ಕತ್ತರಿಸಿ, ಪಾದದ ಅಡಿಗಿಟ್ಟು, ಸ್ಟ್ಯಾಂಡನ್ನು ಮಡಿಸಿದಾಗ ಅದು ಸೈಲೆನ್ಸರಿಗಾಗಲಿ ಗೇರಿನ ಕಡ್ಡಿಗಾಗಲಿ ತಗುಲುವುದೇ ಎಂಬುದನ್ನು ಕಳಚುವ ಮುನ್ನವೇ ಪರೀಕ್ಷಿಸಿದ್ದರು. ಒಳಮಗ್ಗುಲಿನಲ್ಲಿ ರಟ್ಟನ್ನು ಎರಡು ಬಾರಿ ಕಡಿಮೆ ಮಾಡಬೇಕಾಯಿತು. ಆ ಕಳೆದುಕೊಂಡ ಅಗಲವನ್ನು ಹಿಂಬದಿಗೆ ಕೂಡಿಸಿದರು. ಆಮೇಲೆ 5 ಮಿಲಿಮೀಟರು ದಪ್ಪದ ಉಕ್ಕಿನ ತಗಡನ್ನು ಆ ಮಾದರಿಯಂತೆ ಕತ್ತರಿಸಿ, ಮೂಲೆಗಳನ್ನು ಗ್ರೈಂಡರಿನಿಂದ ದುಂಡಗೆ ಉಜ್ಜಿ, ಅಂಚನ್ನು ಸುತ್ತಲೂ ಬೆರಳ ಉಗುರಿನಷ್ಟು ಮೇಲಕ್ಕೆ ಬಾಗಿಸಿದರು. ಚೂಪಾದ ಮೂಲೆ ಮಣ್ಣನ್ನು ಸೀಳಿ ಒಳಕ್ಕೆ ಹೋಗಲು ದಾರಿ ಮಾಡುವುದು. ಬಾಗಿದ ಅಂಚು ಗಾಡಿ ತುಸು ಮುಂದೆ ಹಿಂದೆ ಸರಿದಾಗ ಮಣ್ಣಿನ ಮೇಲೆ ತೇಲುವುದು. ಬಳಿಕ ಅವರು ಪ್ಲೇಟಿಗೆ ನಾಲ್ಕು ರಂಧ್ರಗಳನ್ನು ಕೊರೆದಾಗ ನನಗೆ ಆಶ್ಚರ್ಯವಾಯಿತು. ಒದ್ದೆ ಎರೆಯು ಅಗಲವಾದ ಲೋಹಕ್ಕೆ ಅಂಟಿಕೊಂಡರೆ ನಡುವೆ ಗಾಳಿಗೆ ಎಡೆಯಿಲ್ಲದೆ ಹೀರಿ ಹಿಡಿಯುವುದೆಂದೂ, ರಂಧ್ರವಿದ್ದರೆ ಗಾಳಿ ನುಗ್ಗಿ ಪಾದವು ಸುಲಭವಾಗಿ ಬಿಟ್ಟುಕೊಳ್ಳುವುದೆಂದೂ ಅವರು ವಿವರಿಸಿದರು. ಪೇಟೆಯ ಪಾದಗಳಲ್ಲಿ ಅಂದಕ್ಕೆಂದು ಕೊರೆಯುವ ತೂತುಗಳಿಗೆ ಇಲ್ಲಿ ಒಂದು ಕೆಲಸವಿದೆ.

ಬೆಸುಗೆಯಾದ ಮೇಲೆ ಕೆಂಪು ಆಕ್ಸೈಡು ಬಳಿದು, ಅದು ಆರಿದ ಮೇಲೆ ಕಪ್ಪು ಬಣ್ಣ ಹಚ್ಚಿದರು. ತಗಡಿನ ತೂಕ ಸುಮಾರು 280 ಗ್ರಾಂ. ಇದು ಅಲ್ಪವೆಂದು ತೋರಿದರೂ ಸ್ಟ್ಯಾಂಡಿನ ತುದಿಯಲ್ಲಿರುವ ಭಾರವಾದುದರಿಂದ, ಕುಣಿಗಳ ದಾರಿಯಲ್ಲಿ ಸ್ಟ್ಯಾಂಡು ಕೆಳಕ್ಕೆ ಜಗ್ಗಿ ಕುಣಿಯುವ ಸಂಭವವುಂಟು; ಹೊಸ ಗಾಡಿಗಳಲ್ಲಿ ಸ್ಟ್ಯಾಂಡು ಇಳಿದಿರುವಾಗ ಗೇರು ಹಾಕಿದರೆ ಎಂಜಿನನ್ನು ನಿಲ್ಲಿಸಿಬಿಡುವ ಸ್ವಿಚ್ಚು ಇರುವುದರಿಂದ, ಆ ಕುಣಿತವು ಓಡುವ ಗಾಡಿಯನ್ನು ಮುಗ್ಗರಿಸುವಂತೆ ಮಾಡೀತು. ಹಳೆಯ ಸ್ಪ್ರಿಂಗು ಸಡಿಲವಾಗಿದ್ದರೆ ಪಾದದೊಡನೆ ಅದನ್ನೂ ಬದಲಾಯಿಸಬೇಕು. ಪ್ಲೇಟಿಗೆ ಮೆತ್ತಿದ ಎರೆಯು ಒಣಗಿ ಇಟ್ಟಿಗೆಯಂತಾಗಿ ಅದರ ತೂಕವನ್ನು ಇಮ್ಮಡಿಸಬಲ್ಲುದಾದ್ದರಿಂದ, ಕೆಸರಿನಿಂದ ಹೊರಬಂದೊಡನೆ ಕೋಲಿನಿಂದ ಅದನ್ನು ಕೆದರಿ ತೆಗೆಯುವುದನ್ನು ರೂಢಿಸಿಕೊಳ್ಳಬೇಕು.

ದಪ್ಪದ ವಿಷಯದಲ್ಲಿ ಬಹುಜನ ಎಡವುವರು. ಪಾದ ದೊಡ್ಡದಾದಷ್ಟೂ ಒಳ್ಳೆಯದು, ದಪ್ಪನಾದಷ್ಟೂ ಗಟ್ಟಿ ಎಂಬ ಎಣಿಕೆಯಿಂದ 12 ಮಿಲಿಮೀಟರಿನ ದಿಂಡನ್ನು ಬೆಸೆಯಿಸಿದರೆ ಸ್ಟ್ಯಾಂಡು ಅಷ್ಟು ಉದ್ದವಾದಂತಾಗಿ, ಗಾಡಿಯು ಓರೆಯಾಗುವ ಬದಲು ಸುಮಾರು 2 ಡಿಗ್ರಿಯಷ್ಟು ನೆಟ್ಟಗಾಗುವುದು. 5 ಮಿಲಿಮೀಟರಿನ ತಗಡಿಗಾದರೆ ಈ ವ್ಯತ್ಯಾಸ 1 ಡಿಗ್ರಿಗೂ ಕಡಿಮೆ. ಸಾಮಾನು ಹೇರಿದಾಗ ಹಿಂದಿನ ಶಾಕ್ ಅಬ್ಸಾರ್ಬರು ಅದುಮಿ ಗಾಡಿಯ ಮೈ ಕೆಳಗಿಳಿಯುವುದರಿಂದಲೂ ಸ್ಟ್ಯಾಂಡು ಉದ್ದವಾದಂತೆಯೇ ಆಗುವುದು. ಎರಡೂ ಕೂಡಿದರೆ ಗಾಡಿಯು ಬಲಕ್ಕೆ ವಾಲುವ ಅಂಚಿನಲ್ಲಿ ನಿಲ್ಲುವುದು. ಲಾರಿಯೊಂದು ಭರದಿಂದ ಹಾದುಹೋದರೆ ಎಬ್ಬಿಸಿದ ಗಾಳಿಯೇ ಅದನ್ನು ಕೆಡವಬಹುದು. ಎಡಕ್ಕೆ ಬೀಳುವುದನ್ನು ತಪ್ಪಿಸಲು ಹೋಗಿ ಬಲಕ್ಕೆ ಬೀಳಿಸಿಕೊಂಡವರ ಕಥೆಗಳನ್ನು ಪ್ರತಿಯೊಂದು ಗ್ಯಾರೇಜಿನಲ್ಲಿಯೂ ಕೇಳಬಹುದು. ಆದುದರಿಂದ ಪೆಟ್ಟಿಗೆಗಳನ್ನೆಲ್ಲ ತುಂಬಿ, ಟ್ಯಾಂಕಿಗೆ ಪೆಟ್ರೋಲು ಹಾಕಿಸಿ, ಸಮನೆಲದ ಮೇಲೆ ನಿಲ್ಲಿಸಿ ನೋಡಿದ ಮೇಲೆಯೇ ಕೊನೆಯ ಬೆಸುಗೆಯನ್ನು ಹಾಕಿಸತಕ್ಕದ್ದು. ಅಗಲಕ್ಕೂ ಒಂದು ಮಿತಿಯಿದೆ. ಎಡತಿರುವಿನಲ್ಲಿ ಗಾಡಿ ಬಾಗಿದಾಗ ಹೊರಕ್ಕೆ ಚಾಚಿದ ಪ್ಲೇಟು ನೆಲಕ್ಕೆ ಉಜ್ಜಿದರೆ ಹಿಂಗಾಲಿಯನ್ನೇ ಎತ್ತಿಹಾಕೀತು.

ಈ ಸೀಮೆಯಲ್ಲಿ ಎಲ್ಲವೂ ಎರೆಯೇ ಎಂದು ತಿಳಿಯಬಾರದು. ಸಿಂಧನೂರಿನಿಂದ ವಾಯವ್ಯಕ್ಕೆ ಅದೇ ಹೆದ್ದಾರಿಯಲ್ಲಿ ಸಾಗಿದರೆ ಬರುವ ಮಸ್ಕಿಯಲ್ಲಿ ನೆಲದಿಂದ ಬಂಡೆಗಳು ಎದ್ದು ನಿಂತಿವೆ. 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತ ಬಂದ ಬೀಡನ್ ಎಂಬ ಎಂಜಿನಿಯರನು ಅಲ್ಲಿಯ ಬಂಡೆಯೊಂದರ ಮೇಲೆ ಕಂಡ ಬರಹದಲ್ಲಿ ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರೂ ಇದ್ದುದರಿಂದ, ಭರತಖಂಡದ ಉದ್ದಗಲಕ್ಕೂ ಶಾಸನಗಳನ್ನು ಹಾಕಿಸಿದ ಆ ಅರಸನು ಯಾರೆಂಬ ಸಂದೇಹವು ಬಗೆಹರಿಯಿತು. ಲಿಂಗಸುಗೂರು ಸೀಮೆಯ ಮುದಗಲ್ಲಿನ ಕೋಟೆಗೂ ಹಟ್ಟಿಯ ಚಿನ್ನದ ಗಣಿಗೂ ಹೋಗುವ ದಾರಿಗಳಲ್ಲಿ ಕೆಂಪು ಮಸಾರಿಯೂ ಕಲ್ಲುನೆಲವೂ ಬೆರೆತಿವೆ. ಅಲ್ಲಿ ಅಗಲ ಪಾದದಿಂದ ವಿಶೇಷ ಪ್ರಯೋಜನವಿಲ್ಲ. ಇಳಿಜಾರಿನ ನುಣುಪು ಬಂಡೆಯ ಮೇಲೆ ಚಪ್ಪಟೆಯಾದ ಉಕ್ಕು ಜಾರುವ ಭಯವೂ ಉಂಟು. ಆದರೆ ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ತಾಪವು 40 ಡಿಗ್ರಿಯನ್ನು ಮೀರಿ, ಮಧ್ಯಾಹ್ನದ ಡಾಂಬರು ಮೆದುವಾಗಿ ಸಣ್ಣ ಪಾದಗಳು ಅದರಲ್ಲಿ ಗುಂಡಿ ಕೊರೆಯುವ ದಿನಗಳಲ್ಲಿ, ಮಳೆಗಾಲಕ್ಕೆಂದು ಮಾಡಿಸಿದ ಪ್ಲೇಟೇ ಬಿಸಿಲಿಗೂ ಒದಗುವುದು. ಒಣ ಎರೆಯ ಬಿರುಕುಗಳ ಮೇಲೆ ಅದು ಸೇತುವೆಯಂತೆ ಕುಳಿತುಕೊಳ್ಳುವುದು. 3 ಸೆಂಟಿಮೀಟರಿನ ಪಾದ ಇಳಿದುಹೋಗುವ ಸೀಳನ್ನು 8 ಸೆಂಟಿಮೀಟರಿನ ಪಾದ ದಾಟಿ ನಿಲ್ಲುವುದು.

ಬಣ್ಣ ಆರಿದ ಮರುದಿನ ಆ ಗಾಡಿಯನ್ನು ಮುಕ್ಕುಂದದ ದಾರಿಗೆ ಒಯ್ದು ಪರೀಕ್ಷಿಸಿದೆವು. ನಾಟಿ ಮುಗಿದು ಪೈರು ಹಸುರೇರುತ್ತಿದ್ದ ಕಾಲ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಗರಸಿನ ಅಂಚನ್ನು ದಾಟಿ, ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುವ ನೆಲವನ್ನು ಬೇಕೆಂದೇ ಆರಿಸಿ, ಮೊದಲ ಗೇರಿಗೆ ಹಾಕಿ ಎಂಜಿನನ್ನು ನಿಲ್ಲಿಸಿ, ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಸ್ಟ್ಯಾಂಡಿನ ಮೇಲೆ ಭಾರವನ್ನು ಒಮ್ಮೆಲೇ ಬಿಡದೆ ಮೆಲ್ಲನೆ ಇಳಿಸಿದೆವು. ಪ್ಲೇಟಿನ ಸುತ್ತ ಮಣ್ಣು ದಾರದೆಳೆಯಷ್ಟು ಉಬ್ಬಿತು, ನಾಲ್ಕು ರಂಧ್ರಗಳಲ್ಲಿ ಕರಿಯ ಕೆಸರಿನ ನಾಲ್ಕು ಮೊಳಕೆಗಳು ಮೇಲೆದ್ದುವು. ಅಷ್ಟಕ್ಕೇ ಕುಸಿತ ನಿಂತಿತು. ಪಕ್ಕದಲ್ಲಿ ಅದೇ ಜಾತಿಯ, ಪ್ಲೇಟಿಲ್ಲದ ಇನ್ನೊಂದು ಗಾಡಿಯನ್ನು ಹಾಗೆಯೇ ನಿಲ್ಲಿಸಿ ಕೈಯಲ್ಲಿ ಹಿಡಿದುಕೊಂಡು ನೋಡಿದಾಗ ಅದರ ಪಾದವು ಕಣ್ಣೆದುರಿನಲ್ಲೇ ಮಾಯವಾಗತೊಡಗಿತು, ಹಿಡಿದವನು ಅದನ್ನು ಕೂಡಲೇ ಎತ್ತಿಕೊಂಡನು. ಬಹಳ ಹೊತ್ತು ನದೀತೀರದಲ್ಲಿ ಕಳೆದು ಮರಳಿದಾಗಲೂ ಪ್ಲೇಟಿನ ಗಾಡಿಯ ಓರೆಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ಹೊರಡುವಾಗ ಒಂದು ಎಚ್ಚರ ಬೇಕು. ಕೆಸರಿನಲ್ಲಿ ಕುಳಿತ ಅಗಲ ಪಾದವನ್ನು ನೇರವಾಗಿ ಒದೆದು ಎತ್ತಲು ಹೋಗಬಾರದು; ಗಾಡಿಯನ್ನು ಮೊದಲು ನೆಟ್ಟಗೆ ಮಾಡಿ, ಭಾರವನ್ನು ತೆಗೆದು, ಪಾದವನ್ನು ಹಿಮ್ಮಡಿಯಿಂದ ಹಿಂದು ಮುಂದು ಅಲುಗಿಸಿದರೆ ರಂಧ್ರಗಳಿಂದ ಗಾಳಿ ಹೊಕ್ಕು ಅದು ತಾನಾಗಿ ಬಿಡುವುದು. ನಾವು ಹಾಗೆಯೇ ಮಾಡಿ, ಪ್ಲೇಟಿನ ಅಡಿಯ ಮಣ್ಣನ್ನು ಕೆದರಿ, ಬೆಸುಗೆಯ ಸುತ್ತ ಬಣ್ಣ ಬಿರಿದಿದೆಯೇ ಎಂದು ಬೆರಳಾಡಿಸಿ ನೋಡಿ, ಸ್ಪ್ರಿಂಗಿನ ಕೊಂಡಿಯನ್ನು ಎಳೆದು ಪರೀಕ್ಷಿಸಿ, ಮಸ್ಕಿಯ ಕಡೆಗೆ ಗಾಡಿಯನ್ನು ತಿರುಗಿಸಿದೆವು.